ಗುಂಯ್‌ಗುಡದ ಟ್ರಾನ್ಸ್‌ಫಾರ್ಮರು

ಹುಮನಾಬಾದಿನಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ನಡೆದರೆ ಮೋಟರಿಗೆ ತಂತಿ ಸುತ್ತಿಕೊಡುವ ಅಂಗಡಿಯೊಂದಿದೆ. ಇವತ್ತು ಬೆಳಿಗ್ಗೆ ಅದರ ಮುಂದೆ ಹಾಯುವಾಗ ಸುತ್ತಿದ ತಂತಿಗೆ ಹಚ್ಚುವ ಬಿಸಿ ವಾರ್ನಿಶಿನ ವಾಸನೆ ಬಂತು. ಉಳಿದವರು ಮೂಗು ಮುಚ್ಚಿಕೊಂಡು ಹೋಗುತ್ತಾರೆ, ನಾನು ನಿಂತುಬಿಟ್ಟೆ. ಜೊತೆಗಿದ್ದ ಹೆಂಡತಿ ಮಹಾದೇವಿ, "ಮತ್ತ ಸುರು ಆಯ್ತೇನ್ರಿ ನಿಮ್ದು?" ಎಂದು ನಕ್ಕಳು.

ಅವಳು ನಗಲು ಕಾರಣವಿದೆ. ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಭಜನಾ ಮಂಡಳಿಗಳಿಗೆ ಆಂಪ್ಲಿಫೈಯರ್ ಮಾಡಿಕೊಡುತ್ತೇನೆ. ಹೊಸತರಲ್ಲಿ ಪೆಟ್ಟಿಗೆಯೊಳಗಿನ ಪ್ರತಿಯೊಂದೂ ನನ್ನ ಕೈಯಲ್ಲೇ ತಯಾರಾಗಬೇಕೆಂಬ ಹಟವಿತ್ತು. ಟ್ರಾನ್ಸ್‌ಫಾರ್ಮರಿನ ತಾಮ್ರದ ತಂತಿಯನ್ನೂ ನಾನೇ, ಒಂದೊಂದು ಸುತ್ತನ್ನೂ ಎಣಿಸುತ್ತ, ಸುತ್ತುತ್ತಿದ್ದೆ. ನೀವೇ ಹೇಳಿ, ಪಡಸಾಲೆಯಲ್ಲಿ ಕೂತು ಎಣಿಸಲಾದೀತೇ? ಹಾಲಿನವನು ಕೂಗುತ್ತಾನೆ, ಪಕ್ಕದ ಮನೆಯವರು ಕೆಟ್ಟ ಮಿಕ್ಸಿ ಹಿಡಿದು ಬರುತ್ತಾರೆ. ಎಣಿಕೆ ತಪ್ಪುತ್ತದೆ. ಬಿಚ್ಚು, ಮತ್ತೆ ಸುತ್ತು.

"ಎಷ್ಟ ದಿನಾ ಸುತ್ತಾಕತ್ತೀರಿ? ಅಂಗಡ್ಯಾಗ ತಯಾರ್ ಸಿಗತಾವಲ್ಲ!" ಎನ್ನುತ್ತಿದ್ದಳು ಮಹಾದೇವಿ.

"ತಂದದ್ದು ಹಾಕಿದ್ರ ಅದು ನಂದು ಹ್ಯಾಂಗ ಆಗ್ತದ?"

"ಹಂಗಾರ ಸ್ಕ್ರೂ ಭಿ ನೀವೇ ಮಾಡ್ರಿ. ಹಿತ್ತಲದಾಗ ತಾಮ್ರದ ಗಣಿ ಭಿ ಅಗಿರಿ."

ಅಷ್ಟು ಕಷ್ಟಪಟ್ಟು ಸುತ್ತಿದರೂ ನನ್ನ ಟ್ರಾನ್ಸ್‌ಫಾರ್ಮರುಗಳು ತೆಪ್ಪಗಿರುತ್ತಿರಲಿಲ್ಲ. ಸ್ವಿಚ್ಚು ಒತ್ತಿದ ಕೂಡಲೇ ಗುಂಯ್ ಎನ್ನುತ್ತಿದ್ದವು. "ಜೀವ ಅದ ಅದಕ್ಕ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದೆ. ಪಾಪ, ಅವರು ನಂಬುತ್ತಿದ್ದರು.

ಮಂಠಾಳದ ಗುಂಡಪ್ಪ ಕಾಕಾ ನನ್ನ ಮೊದಲ ಗಿರಾಕಿ, ಅಲ್ಲಿನ ಭಜನಾ ಮಂಡಳಿಯ ಹಿರಿಯರು. ಒಂದು ವರ್ಷ ಅವರ ಹಳೆಯ ಪೆಟ್ಟಿಗೆ ಕೆಟ್ಟುಹೋಗಿ, ಶ್ರಾವಣಕ್ಕೆ ಹೊಸದು ಹೇಳಿದ್ದರು. ಶ್ರಾವಣ ಅರ್ಧ ಕಳೆದರೂ ನಾನಿನ್ನೂ ಸುತ್ತುತ್ತಲೇ ಇದ್ದೆ. ಕಡೆಗೆ ಅವರೇ ಬಂದು ನಿಂತರು.

"ತಮ್ಮಾ, ಆಗಲ್ಲಂದ್ರ ಹೇಳಿಬಿಡು. ಬ್ಯಾರೆ ಕಡೆ ನೋಡತೀವಿ."

ಕಾಕಾ ಕೈಬಿಟ್ಟರೆ ಆ ಕಡೆಯ ಹಳ್ಳಿಗಳೆಲ್ಲ ಕೈಬಿಟ್ಟಂತೆ. ಮಹಾದೇವಿ ತನ್ನ ತವರು ಹುಮನಾಬಾದಿನ ಬಸ್ಸು ಹತ್ತಿದಳು. ಸಂಜೆಗೆ ಸಿದ್ಧ ಟ್ರಾನ್ಸ್‌ಫಾರ್ಮರೊಂದನ್ನು ತಂದು ನನ್ನೆದುರು ಇಟ್ಟಳು. "ತವರಿನ ಉಡುಗೊರಿ ಅದ. ಒಲ್ಲೆ ಅನಬ್ಯಾಡ್ರಿ." ಮುಖ ಊದಿಸಿಕೊಂಡೇ ಅದನ್ನು ಜೋಡಿಸಿದೆ.

ಇಬ್ಬರೂ ಮಂಠಾಳಕ್ಕೆ ಒಯ್ದೆವು. ಗುಡಿಯಲ್ಲಿ ಸ್ವಿಚ್ಚು ಒತ್ತಿದೆ. ಕೆಂಪು ದೀಪ ಹೊತ್ತಿತು, ಸದ್ದೇ ಇಲ್ಲ. "ಕರೆಂಟ್ ಹೋಯ್ತೇನು?" ಎಂದರು ಕಾಕಾ. ಹಾರ್ಮೋನಿಯಂ ನುಡಿಸುವವರಿಗೆ ಬೇರೆಯದೇ ಚಿಂತೆ: "ಶ್ರುತಿ ಎಲ್ರಿ? ನಿಮ್ಮ ಡಬ್ಬಿ ಗುಂಯ್ ಅಂದ ಮ್ಯಾಲೇ ನಾವು ಸುರ ಹಿಡೀತಿದ್ವಿ!"

ಗುಡಿಯೆಲ್ಲ ನಕ್ಕಿತು. ನಗು ಅಡಗಿದ ಮೇಲೆ ಕಾಕಾ ಹಾಡಿದರು. ಅವರ ಹಾಡನ್ನು ಎಷ್ಟೋ ಸಲ ಕೇಳಿದ್ದೆ. ಆದರೆ ಎರಡು ಪದಗಳ ನಡುವೆ ಅವರು ಎಳೆದುಕೊಳ್ಳುವ ಉಸಿರು, ಸಾಲಿನ ಕೊನೆಯಲ್ಲಿ ದನಿ ಮೆಲ್ಲಗೆ ಇಳಿದು ನಿಲ್ಲುವ ರೀತಿ ಅಂದೇ ಕಿವಿಗೆ ಬಿತ್ತು. ಇಷ್ಟು ದಿನ ಅದೆಲ್ಲ ನನ್ನ ಗುಂಯ್‌ಗುಡುವಿಕೆಯಲ್ಲಿ ಮುಳುಗಿಹೋಗಿತ್ತು.

ಹಾಡು ಮುಗಿಸಿದ ಕಾಕಾ ಬೆರಗಾಗಿ ಕೇಳಿದರು, "ತಮ್ಮಾ, ನನ್ನ ದನಿ ಇಷ್ಟು ಛಂದ ಅದನೋ? ಮದಲ ಯಾಕ ಹೇಳಲಿಲ್ಲ?"

ಅಲ್ಲಿಂದಾಚೆ ಟ್ರಾನ್ಸ್‌ಫಾರ್ಮರನ್ನೂ ಖಾಲಿ ಪೆಟ್ಟಿಗೆಯನ್ನೂ ಕೊಂಡೇ ತರುತ್ತೇವೆ. ಯಾರ ದನಿಯನ್ನು ಎಷ್ಟು ಗಡುಸು ಮಾಡಬೇಕು, ಎಷ್ಟು ಮೆದು ಮಾಡಬೇಕು ಎಂಬ ಭಾಗ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ಹಾಡುವವರ ದನಿ ಕೇಳಿ ನಾನೇ ಕೂರಿಸುತ್ತೇನೆ.

ಇವತ್ತು ಹೊರಟಿದ್ದೂ ಅದಕ್ಕೇ, ಹುಮನಾಬಾದಿನಾಚೆಯ ಕೊಡಂಬಲದ ಹೆಣ್ಣುಮಕ್ಕಳ ಭಜನೆಗೆ. ಅಲ್ಲಿ ಚಹಾ ಕೊಟ್ಟವರು ನಮ್ಮ ಬರಿಗೈ ನೋಡಿದರು.

"ಡಬ್ಬಿ ಎಲ್ರಿ ಅಣ್ಣಾ?"

"ಇನ್ನಾ ಮಾಡಿಲ್ರಿ ಅಕ್ಕಾ. ಮದಲ ನೀವು ಹಾಡ್ರಿ."

ನಾಚುತ್ತ ಒಬ್ಬರನ್ನೊಬ್ಬರು ದೂಡಿ, ಕೊನೆಗೆ ಹಾಡತೊಡಗಿದರು. ಸ್ವಲ್ಪ ಹೊತ್ತಿಗೆ ಮಹಾದೇವಿ ನನ್ನ ಪಕ್ಕದಿಂದೆದ್ದು ಅವರ ನಡುವೆ ಹೋಗಿ ಕೂತು ದನಿಗೂಡಿಸಿದಳು. ಮನೆಯಲ್ಲಿ ಅವಳು ಗುನುಗುವಾಗಲೆಲ್ಲ ನಾನು ಯಾವುದೋ ತಂತಿಗೆ ಬೆಸುಗೆ ಹಾಕುತ್ತಿರುತ್ತೇನೆ. ಕೈಯಲ್ಲಿ ಕೆಲಸವಿಲ್ಲದೆ ಅವಳ ಹಾಡು ಕೇಳಿದ್ದು ಇದೇ ಮೊದಲು.