ಗೋಡೆಯ ಮೇಲಿನ ಮುಖ

ಜಾವಳಿಯಲ್ಲಿ ನಮ್ಮ ತೋಟದ ಗೋಡೌನಿನ ಒಂದು ಗೋಡೆ ರಸ್ತೆಗೆ ಮುಖ ಮಾಡಿದೆ. ಹೋದ ವರ್ಷ ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಚಿಕ್ಕಮಗಳೂರಿನಿಂದ ಚಿತ್ರ ಬರೆಯುವ ಹುಡುಗಿಯೊಬ್ಬಳು ಬಂದು, ಆ ಗೋಡೆಯ ಮೇಲೆ ಕಾಫಿಯ ಬಗ್ಗೆ ಏನಾದರೂ ಬರೆಯಲೇ ಎಂದು ಕೇಳಿದಳು. ನಾನು ಒಪ್ಪಿದೆ. ಹೂ ಬಿಟ್ಟ ಗಿಡ, ಎರಡು ಹಕ್ಕಿ, ಅಂಥದ್ದೇನೋ ಬರೆಯುತ್ತಾಳೆ ಅಂದುಕೊಂಡಿದ್ದೆ. ಮೂರು ದಿನ ಅವಳು ಕೆಲಸದವರಿಗೆಂದು ತೋಟದಲ್ಲೇ ಸಾಲಾಗಿ ಕಟ್ಟಿಸಿದ ಲೈನ್ ಮನೆಗಳ ಮುಂದೆ ಕೂತು, ಹೆಂಗಸರ ಜೊತೆ ಮಾತಾಡುತ್ತ ಪುಸ್ತಕದಲ್ಲಿ ಗೀಚಿಕೊಂಡಳು. ಅವಳಿಗೆ ಎರಡು ಹೊತ್ತು ಕಾಫಿ ಕಳಿಸಿದವಳೂ ನಾನೇ.

ಆಮೇಲೆ ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಒಂದು ವಾರ ನಾನು ಊರಲ್ಲಿರಲಿಲ್ಲ. ವಾಪಸು ಬಂದು ಬಸ್ಸಿಳಿದರೆ ಗೋಡೆಯ ಮುಂದೆ ಎರಡು ಕಾರು ನಿಂತಿವೆ, ಪ್ರವಾಸಕ್ಕೆ ಬಂದವರು ಸೆಲ್ಫಿ ತೆಗೆದುಕೊಳ್ಳುತ್ತಿದ್ದಾರೆ. ಗೋಡೆಯ ತುಂಬ ಒಬ್ಬ ಹೆಂಗಸಿನ ಮುಖ. ತಲೆಗೆ ಸುತ್ತಿದ ಬಟ್ಟೆ, ಹುಬ್ಬಿನ ಮೇಲೆ ಹಳೇ ಗಾಯ, ಗಲ್ಲದಲ್ಲಿ ಮಚ್ಚೆ. ಕೆಳಗೆ ಕೆಂಪಕ್ಷರದಲ್ಲಿ ಬರೆದಿತ್ತು: ‘ನಲವತ್ತು ವರ್ಷ ಹಣ್ಣು ಕುಯ್ದೆ. ನಾನಿರೋ ಮನೆ ಯಾರದು?’

ಆ ಮುಖ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಸೊಸೆಯಾಗಿ ಬರುವ ಮೊದಲಿಂದ ನಮ್ಮ ತೋಟದ ಲೈನಿನಲ್ಲಿರುವವಳು. ನನಗೆ ಕಾಯಿ ಉದುರಿಸದೆ ಹಣ್ಣು ಬಿಡಿಸುವುದನ್ನು ಕಲಿಸಿದವಳು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳು. ಆದರೂ ನಾನು ಅವಳನ್ನು ಹೋಗು ಬಾ ಅನ್ನುತ್ತೇನೆ, ಅವಳು ನನ್ನನ್ನು ಅಮ್ಮ ಅನ್ನುತ್ತಾಳೆ. ಅದರಲ್ಲಿ ವಿಶೇಷವೇನೂ ಇದೆ ಅಂತ ಅಲ್ಲಿಯವರೆಗೆ ನನಗೆ ಅನ್ನಿಸಿರಲಿಲ್ಲ.

ನಮ್ಮ ಮನೆಯವರು ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಅಂದರು. ಬರೆಯಲು ಒಪ್ಪಿಗೆ ಕೊಟ್ಟಿದ್ದು ನಾನೇ ಎಂದು ತಿಳಿಸಿದ ಮೇಲೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಲೆಕ್ಕಪತ್ರ ನೋಡಿಕೊಳ್ಳುವ ನಮ್ಮ ರೈಟರು ಮಾತ್ರ, ಸುಳ್ಳೇನೂ ಬರೆದಿಲ್ಲವಲ್ಲ ಎಂದು ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು. ನನಗೆ ಸಿಟ್ಟು ಬಂದಿತ್ತೋ ನಾಚಿಕೆಯಾಗಿತ್ತೋ ತಿಳಿಯಲಿಲ್ಲ. ಹಿಂದಿನ ಮಳೆಗಾಲದಲ್ಲಿ ಅವಳ ಮನೆಯ ಹೆಂಚು ಬದಲಾಯಿಸಿದ್ದು ನಾವೇ ಅಲ್ಲವೇ ಎಂದು ಮನಸ್ಸು ವಾದ ಹೂಡುತ್ತಿತ್ತು. ಆದರೆ ಗೋಡೆ ಕೇಳುತ್ತಿದ್ದುದು ಹೆಂಚಿನ ಮಾತಲ್ಲ.

ಅಷ್ಟರಲ್ಲಿ ಅವಳು ರಸ್ತೆಯಲ್ಲಿ ಕಾಣಿಸುವುದೇ ನಿಂತುಹೋಯಿತು. ಅಂಗಡಿಗೆ ಹೋಗಬೇಕಾದರೂ ಗದ್ದೆ ಅಂಚಿನಲ್ಲಿ ಸುತ್ತಿ ಹೋಗುತ್ತಾಳೆ ಎಂದು ರೈಟರು ಹೇಳಿದರು. ನಮಗೆ ಹೆದರಿರಬೇಕು, ಧೈರ್ಯ ಹೇಳೋಣವೆಂದು ಒಂದು ಮಧ್ಯಾಹ್ನ ಲೈನಿಗೆ ಹೋದೆ. ಅವಳು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಕೂರಲು ಮಣೆ ಕೊಟ್ಟಳು. ನೀನು ಆ ಮಾತು ಹೇಳಿದ್ದರೆ ತಪ್ಪೇನಿಲ್ಲ, ನಾವು ಏನೂ ಮಾಡುವುದಿಲ್ಲ ಎಂದೆ.

“ಹೇಳಿದ್ದು ಹೌದಮ್ಮ,” ಅಂದಳು. “ಆದ್ರೆ ನಿಮ್ಗೆ ಹೇಳಿದ್ದಲ್ಲ. ಆ ಹುಡುಗಿ ಹತ್ರ ಕಷ್ಟಸುಖ ಮಾತಾಡಿದ್ದು.”

ಮಾತು ಗೋಡೆಗೆ ಹೋಗುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲವಂತೆ. ಗುರುತೇ ಇಲ್ಲದವರು ಲೈನಿನವರೆಗೂ ಬಂದು ನೀವೇ ಅಲ್ಲವಾ ಎಂದು ಫೋಟೋ ಕೇಳಿದರಂತೆ. ಹೋಗಿ ಗೋಡೆಯ ಪಕ್ಕ ನಿಲ್ಲಿ ಅಂದರಂತೆ.

ಪೂರ್ತಿ ಸುಣ್ಣ ಹೊಡೆಸಲೇ ಎಂದು ಕೇಳಿದೆ. ಆ ಪ್ರಶ್ನೆ ಕೇಳುವಾಗ ನನಗೆ ಎಷ್ಟು ಹಗುರವಾಯಿತು ಎನ್ನುವುದನ್ನು ಮುಚ್ಚಿಡಲಾರೆ. ಅವಳು ಮೊರದಲ್ಲಿದ್ದ ಅಕ್ಕಿಯನ್ನು ಒಮ್ಮೆ ಕೇರಿ ಕೆಳಗಿಟ್ಟಳು.

“ಮುಖ ತೆಗೀರಿ. ಮಾತು ಇರ್ಲಿ.”

ಚಿತ್ರ ಬರೆದವಳಿಗೆ ಫೋನ್ ಮಾಡಿದೆ. ಮುಖವಿಲ್ಲದಿದ್ದರೆ ಯಾರೂ ನಿಂತು ಓದುವುದಿಲ್ಲ ಎಂದು ಮೊದಲು ಜಗಳವಾಡಿದಳು. ಮುಖ ಬರೆಯುವ ಮೊದಲು ಅವಳನ್ನು ಕೇಳಿದ್ದೆಯಾ ಎಂದೆ. ಕೊನೆಗೆ, ಅವರು ಹೇಳಿದ ಹಾಗೇ ಮಾಡಿ ಎಂದಳು. ಅವಳು ‘ಅವರು’ ಎಂದದ್ದನ್ನು ನಾನು ಗಮನಿಸಿದೆ.

ಭಾನುವಾರ ಬೆಳಿಗ್ಗೆ ಏಣಿ ಇಟ್ಟುಕೊಂಡು ನಾನೇ ಬಣ್ಣ ಹಚ್ಚಿದೆ. ಅವಳು ಕೆಳಗೆ ಏಣಿ ಹಿಡಿದು ನಿಂತು, ಹುಬ್ಬು ಇನ್ನೂ ಕಾಣುತ್ತದೆ, ಇನ್ನೊಂದು ಸಲ ಹಚ್ಚಿ ಎಂದು ಹೇಳುತ್ತಿದ್ದಳು. ತಲೆಯ ಬಟ್ಟೆ ಉಳಿಯಿತು, ಮಾತು ಉಳಿಯಿತು, ನಡುವೆ ಬಿಳಿ. ಈಗ ಅದು ಎಲ್ಲರ ತೋಟದ ಹೆಂಗಸಿನ ಹಾಗೆ ಕಾಣತೊಡಗಿತು. ಪಕ್ಕದ ಎಸ್ಟೇಟಿನ ಯಜಮಾನರು ಬಂದು, ಇದು ತಮ್ಮ ಲೈನಿನವರ ಬಗ್ಗೆ ಬರೆದದ್ದಾ ಎಂದು ನಮ್ಮ ಮನೆಯವರನ್ನು ವಿಚಾರಿಸಿಕೊಂಡು ಹೋದರು.

ಅವಳ ಮನೆಯ ಜಾಗವನ್ನು ಅವಳ ಹೆಸರಿಗೆ ಮಾಡಿಕೊಡೋಣ ಎಂದು ನಾನು ಮನೆಯಲ್ಲಿ ಮಾತು ತೆಗೆದೆ. ಮನೆಯವರು ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ತೋಟ ಇನ್ನೂ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿದೆ, ಭಾವನವರು ಸಹಿ ಹಾಕಬೇಕು. ಅವಳಿಗೂ ವಿಷಯ ತಿಳಿಸಿ, ಕಂದಾಯ ಕಚೇರಿಗೆ ಎರಡು ಸಲ ಹೋಗಿ ಬಂದೆ. ಮೊದಲು ತೋಟ ಪಾಲಾಗಲಿ ಎಂದರು ಅಲ್ಲಿಯವರು. ಭಾವನವರು ನನ್ನ ಫೋನ್ ಎತ್ತುವುದನ್ನು ಕಡಿಮೆ ಮಾಡಿದ್ದಾರೆ. ಆ ದಿನ ಮುಖ ಅಳಿಸಿದ್ದು ಅವಳು ಹೇಳಿದಳೆಂದೋ, ನನಗೆ ನೋಡಲಾಗುತ್ತಿರಲಿಲ್ಲವೆಂದೋ, ಇವತ್ತಿಗೂ ನನಗೆ ಸ್ಪಷ್ಟವಿಲ್ಲ.

ಅವಳು ಮತ್ತೆ ರಸ್ತೆಯಲ್ಲೇ ಓಡಾಡುತ್ತಾಳೆ. ಹೋದ ವಾರ ಕಾಫಿ ಗಿಡದ ಬೇಡದ ಚಿಗುರು ತೆಗೆಯುವ ಕೆಲಸದ ನಡುವೆ, ಮನೆ ಜಾಗದ ಕಾಗದ ಏನಾಯಿತು ಎಂದು ತಾನಾಗಿ ಕೇಳಿದಳು. ಇನ್ನೂ ಆಗಿಲ್ಲ ಎಂದೆ. “ಕೇಳ್ತಾ ಇರ್ತೀನಮ್ಮ,” ಎಂದು ಮುಂದಿನ ಗಿಡಕ್ಕೆ ಹೋದಳು.