ಪಾಪದ ಮರಿ

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನ ಅಟೆಂಡರ್ ಯಾವ ಪ್ರಾಣಿಯನ್ನು ಕಂಡರೂ ಮೊದಲು ತೋರುಬೆರಳು ಚಾಚುತ್ತಿದ್ದರು. ಮೊಲ, ಆಮೆ, ಗಿಳಿ, ಎಲ್ಲದರ ಹಲ್ಲು ಕೊಕ್ಕುಗಳ ಗುರುತೂ ಆ ಬೆರಳಿನ ಮೇಲಿತ್ತು. ಕೇಳಿದರೆ ಒಂದೇ ಮಾತು: “ಕಚ್ಚಲಿಕ್ಕೂ ಆರೋಗ್ಯ ಬೇಕು ಸರ್.”

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಮೂಡುಬಿದಿರೆಗೆ ಹೊಸ ಅಧ್ಯಾಪಕನಾಗಿ ಬಂದೆ. ನಾನು ಲ್ಯಾಬಿಗೆ ಆರಿಸಿ ತಂದ ಹೆಬ್ಬಾವಿನ ಮರಿ ವಾರದಲ್ಲೇ ಸತ್ತುಹೋಯಿತು. ಇನ್ನೊಂದು ಸತ್ತರೆ ಪ್ರಿನ್ಸಿಪಾಲರು ನನ್ನನ್ನು ಬಿಡುವವರಲ್ಲ. ಈ ಸಲ ಅಟೆಂಡರನ್ನು ಕರೆದುಕೊಂಡು ವಾಮದಪದವಿನ ಬಸ್ಸು ಹತ್ತಿದೆ. ಅಲ್ಲೊಬ್ಬರು ಹೆಬ್ಬಾವಿನ ಮೊಟ್ಟೆ ತಂದು, ಮರಿ ಮಾಡಿಸಿ ಮಾರುತ್ತಿದ್ದರು.

ಅವರು ಒಂದು ಮರಿಯನ್ನು ನನ್ನ ಕೈಗೆ ಸುತ್ತಿ, “ಎಷ್ಟು ಪಾಪದ್ದು ನೋಡಿ, ಕಚ್ಚುವುದೇ ಇಲ್ಲ” ಎಂದರು. ನನಗೆ ಅಷ್ಟೇ ಸಾಕಿತ್ತು. ಅಟೆಂಡರ್ ಅದನ್ನು ಕಿವಿಯ ಹತ್ತಿರ ಹಿಡಿದು ಉಸಿರು ಕೇಳಿದರು, ಬಾಯಿ ಬಿಡಿಸಿ ವಸಡು ನೋಡಿದರು.

“ಕಫ ಉಂಟು, ಬಾಯಿಯೂ ಹುಣ್ಣಾಗಿದೆ. ಇದು ಪಾಪದ್ದಲ್ಲ ಮಾರಾಯ್ರೆ, ಇದಕ್ಕೆ ಸೀಕು.”

ಮತ್ತೆ ಬುಟ್ಟಿಯೊಳಗೆ ಬೆರಳು ಚಾಚಿದರು. ಮೂಲೆಯ ಮರಿಯೊಂದು ಹಾರಿ ಕಚ್ಚಿತು. ರಕ್ತ ಒರೆಸುತ್ತಾ ನಕ್ಕರು: “ಇದನ್ನು ಕೊಂಡುಹೋಗುವ.”

ಆ ಮರಿ ಆಳುದ್ದ ಬೆಳೆಯಿತು. ಪ್ರಿನ್ಸಿಪಾಲರು ಏನು ಹೇಳಿದರೂ ‘ಆಗಲಿ ಸರ್’ ಅನ್ನುತ್ತಿದ್ದ ನಾನು, ಅದಕ್ಕೆ ದೊಡ್ಡ ಗೂಡು ಬೇಕೆಂದು ಮೂರನೆಯ ವರ್ಷ ಮೊದಲ ಬಾರಿ ಅವರೊಡನೆ ಜಗಳವಾಡಿದೆ. ಲ್ಯಾಬಿಗೆ ಬಂದು ಅದನ್ನು ಹೇಳಿದಾಗ ಅಟೆಂಡರ್ ಸ್ಟೂಲು ಎಳೆದು ಕೂರಿಸಿ, ನೀರು ಕೊಟ್ಟರು.

“ಇಷ್ಟು ದಿವಸ ನನಗೆ ನಿಮ್ಮ ಬಗ್ಗೆಯೇ ಹೆದರಿಕೆ ಇತ್ತು ಸರ್,” ಎಂದರು. “ಇನ್ನು ತೊಂದರೆ ಇಲ್ಲ.”