ಅಕ್ಕನ ಪೀಪಾಯಿಗೆ ನನ್ನ ಮೂಗು

ಇವತ್ತು ಬೆಳಿಗ್ಗೆ ಕೂಡ್ಲಿಗಿಯಿಂದ ಕಾನಹೊಸಹಳ್ಳಿಗೆ ಹೊರಟ ಬಸ್ಸಿನಲ್ಲಿ ಪಕ್ಕದ ಹಿರಿಯರು ನನ್ನ ಅಂಗಿಯ ಜೇಬಿನಲ್ಲಿದ್ದ ಹಿತ್ತಾಳೆ ಡಬ್ಬಿಯನ್ನು ನೋಡಿ ಕೈ ಚಾಚಿದರು. "ಒಂದು ಚಿಟಿಗಿ ಕೊಡ್ರಿ ಯಜಮಾನ್ರ, ಮೂಗು ಕಟ್ಟೇತಿ" ಅಂದರು. ನಶ್ಯ ಏರಿಸುವವರಲ್ಲಿ ಇಂಥ ಸಲಿಗೆ ಸಹಜ. ಡಬ್ಬಿಯ ಮುಚ್ಚಳ ತೆಗೆದು ಹಿಡಿದೆ. ಒಳಗೆ ಇದ್ದದ್ದು ಒಣಗಿದ ಬೇವಿನ ಹೂವು, ಒಂದು ಚೂರು ನಿಂಬೆಸಿಪ್ಪೆ. ಅವರು ಡಬ್ಬಿ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಕಿಟಕಿಯ ಕಡೆ ತಿರುಗಿ ಕೂತರು. ತಲೆ ನೆಟ್ಟಗಿಲ್ಲದವನ ಪಕ್ಕ ಕೂತೆನಲ್ಲ ಅಂದುಕೊಂಡಿರಬೇಕು.

ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ಕೇಳಿ. ನಾನು ಬಹಳ ವರ್ಷ ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಎಂದು ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಹೋಯಿತು. ಡೀಸೆಲ್ ಹೊಗೆ ತಡೆಯಲೆಂದು ನಶ್ಯ ಹಿಡಿದೆ, ಮೂಗೂ ಹೋಯಿತು. ಹೋದದ್ದು ನನಗೆ ಗೊತ್ತೇ ಆಗಲಿಲ್ಲ ಅನ್ನುವುದು ಬೇರೆ ಮಾತು. ಮನೆಯಲ್ಲಿ ಹಾಲು ಉಕ್ಕಿ ಹೊತ್ತಿದರೂ ನಾನು ಪಕ್ಕದಲ್ಲೇ ಪೇಪರ್ ಓದುತ್ತ ಕೂತಿರುತ್ತಿದ್ದೆ.

ನನ್ನ ಅಕ್ಕ ಕೊಟ್ರಮ್ಮನ ಮೂಗು ಇದಕ್ಕೆ ತದ್ವಿರುದ್ಧ. ಭಾವ ತೀರಿಕೊಂಡ ಮೇಲೆ ಆಕೆ ಕಾನಹೊಸಹಳ್ಳಿಯ ಹೆದ್ದಾರಿ ಪಕ್ಕ, ಬೇವಿನ ಮರದ ಕೆಳಗೆ ಜೋಳದ ಅಂಬಲಿ ಮಾರಲು ಕೂತಳು. ಎಲ್ಲರೂ ಗಡಿಗೆಯಲ್ಲಿ ಮಾಡಿದರೆ ಈಕೆಯದು ಮರದ ಪೀಪಾಯಿ. ಭಾವ ಯಾವುದೋ ಹರಾಜಿನಲ್ಲಿ ಹಿಡಿದು ತಂದದ್ದು. ತಂದ ದಿನ ಅಕ್ಕ ಅವರನ್ನು ಬೈದ ಬೈಗುಳ ಕೂಡ್ಲಿಗಿಯವರೆಗೆ ಕೇಳಿಸಿರಬೇಕು. ಆಮೇಲೆ ಅದನ್ನು ಬಿಟ್ಟು ಇರಲಾರದವಳಾದಳು. ಸಂಜೆ ಗಂಜಿ ಕಾಯಿಸಿ, ಆರಿಸಿ, ಹಿಂದಿನ ದಿನದ ಒಂದು ಚೊಂಬು ಅಂಬಲಿ ಬೆರೆಸಿ ಪೀಪಾಯಿಗೆ ಸುರಿದು, ಸುತ್ತ ಒದ್ದೆ ಗೋಣಿಚೀಲ ಸುತ್ತುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಹದವಾಗಿ ಹುಳಿ ಬಂದಿರುತ್ತಿತ್ತು.

ಆಕೆಯ ಗುಟ್ಟು ಇರುವುದು ಆಮೇಲೆ. ನೆರಳಿನಲ್ಲಿ ಒಣಗಿಸಿದ ಬೇವಿನ ಹೂವು, ನಿಂಬೆಸಿಪ್ಪೆ, ಜಜ್ಜಿದ ಓಂಕಾಳು ಇಷ್ಟನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ತಣ್ಣಗಿನ ಅಂಬಲಿಯಲ್ಲಿ ಇಳಿಬಿಡುತ್ತಿದ್ದಳು. ಮೊದಲು ನಿಂಬೆಯ ಘಮ ಏಳುತ್ತದೆ, ಹಿಂದೆಯೇ ಓಂಕಾಳು, ಕೊನೆಗೆ ಬೇವಿನ ಹೂವು. ಬೇವಿನ ಘಮ ಮೂಗಿನ ಬಾಗಿಲಿಗೆ ಬಂದ ಕ್ಷಣಕ್ಕೆ ಗಂಟು ಎತ್ತಬೇಕು. ತಡವಾದರೆ ಕಹಿ. ಬಾಯಿಗೆ ಹಾಕಿ ನೋಡುವಂತಿಲ್ಲ. ಮೊದಲ ಲೋಟ ದೇವರ ಮುಂದೆ ಇಡುವ ತನಕ ಪೀಪಾಯಿಯದನ್ನು ಯಾರೂ ಎಂಜಲು ಮಾಡಬಾರದು ಎಂಬುದು ಆಕೆಯ ಕಟ್ಟುನಿಟ್ಟು. ಹಾಗಾಗಿ ಎಲ್ಲಾ ಮೂಗಿನ ಮೇಲೆಯೇ ನಡೆಯಬೇಕು.

ಒಮ್ಮೆ ಬೆಂಗಳೂರಿನ ಕಡೆಯ ಹುಡುಗನೊಬ್ಬ ಬೈಕು ನಿಲ್ಲಿಸಿ ಮೂರು ಲೋಟ ಕುಡಿದ. ಬಿಯರ್ ತಯಾರಿಸುವ ಕಡೆ ಕೆಲಸವಂತೆ. ಗಂಟನ್ನು ನೋಡಿ ಅವನಿಗೆ ಖುಷಿಯೋ ಖುಷಿ. "ನಾವೂ ಹೀಗೇ ಮಾಡ್ತೀವಮ್ಮ. ಹಾಪ್ಸ್ ಅಂತ ಒಂದು ಒಣ ಹೂವು. ಬಿಯರ್ ಆರಿ ಪೀಪಾಯಿಗೆ ಬಂದ ಮೇಲೆ ಹಾಕ್ತೀವಿ. ಕುದಿಯೋವಾಗ ಹಾಕಿದ್ರೆ ಕಹಿ ಉಳಿಯುತ್ತೆ, ಘಮ ಹಾರಿ ಹೋಗುತ್ತೆ" ಅಂದ. ಅಕ್ಕ ಗಾಬರಿಯಾಗಿ ನನ್ನ ಕಡೆ ತಿರುಗಿ, "ಅಂದ್ರ ಇಷ್ಟು ವರ್ಷ ನಾನು ಮಂದಿಗಿ ಹೆಂಡ ಕುಡಿಸೀನೇನು?" ಅಂದಳು. ಹುಡುಗ ನಕ್ಕು ಸಮಾಧಾನ ಮಾಡಿದ. ಅವನ ಜೊತೆ ಕೆಲಸ ಮಾಡುವವರು ದಿನಾ ಬೆಳಿಗ್ಗೆ ಬೇರೆ ಬೇರೆ ಡಬ್ಬಿ ಮೂಸಿ ಮೂಗನ್ನು ಪಳಗಿಸುತ್ತಾರಂತೆ. ಸಂಬಳ ಕೊಟ್ಟು ಮೂಸಲಿಕ್ಕೂ ಜನ ಇಡುತ್ತಾರಲ್ಲ ಎಂದು ನಾನು ಆಗ ನಕ್ಕಿದ್ದೆ.

ಆಮೇಲೆ ಊರೂರಿಗೇ ಬೀಗ ಬಿದ್ದ ಆ ಜ್ವರದ ವರ್ಷ ಬಂತು, ಜ್ವರ ಅಕ್ಕನಿಗೂ ಹತ್ತಿತು. ಅಕ್ಕ ಉಳಿದುಕೊಂಡಳು, ಆಕೆಯ ಮೂಗು ಉಳಿಯಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ತಿಂಗಳುಗಟ್ಟಲೆ ಕಾದಳು. ಒಂದು ದಿನ ನಾನು ಹೋದಾಗ ಪೀಪಾಯಿಯನ್ನು ಬೋರಲು ಹಾಕಿ ಬಿಸಿಲಿಗೆ ಇಟ್ಟಿದ್ದಳು. ಮರದ ಪೀಪಾಯಿ ಒಣಗಿದರೆ ಹಲಗೆ ಬಿರಿಯುತ್ತದೆ. ಬಿರಿಯಿತೆಂದರೆ ನಮ್ಮ ಕಡೆ ಅದನ್ನು ಕೂಡಿಸಿ ಕೊಡುವವರು ಯಾರೂ ಇಲ್ಲ. ಅದು ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಯಾಕಕ್ಕಾ ಬಿಸಿಲಿಗಿಟ್ಟಿ?"

"ಇನ್ಯಾಕ ಅದು? ಒಲಿಗಿ ಕಟ್ಟಿಗಿಯರ ಆಗ್ತೈತಿ. ಮೂಗಿಲ್ಲದಾಕಿ ಏನು ಅಂಬಲಿ ಮಾಡ್ಲಿ?"

ನಾನು ಪೀಪಾಯಿಯನ್ನು ನೆರಳಿಗೆ ಉರುಳಿಸಿ, ಕೊಡ ಕೊಡ ನೀರು ತಂದು ತುಂಬಿದೆ. ಒಂದೆರಡು ಕಡೆ ಆಗಲೇ ಜಿನುಗುತ್ತಿತ್ತು; ಹಲಗೆ ನೆನೆದು ಉಬ್ಬಿದರೆ ಅದು ನಿಲ್ಲುತ್ತದೆ. ಹಾಗೆ ಸುರಿಯುತ್ತಲೇ, "ನನ್ನ ಮೂಗೈತಲ್ಲ" ಎಂದುಬಿಟ್ಟೆ.

"ನಿನ್ನ ಮೂಗಾ? ಅದರಾಗ ನಶ್ಯ ಬಿಟ್ರ ಏನೈತಿ?"

"ನಶ್ಯ ಬಿಡ್ತೀನಿ."

ಬಹಳ ದಿನಗಳ ಮೇಲೆ ಅಕ್ಕ ನಕ್ಕಳು. ನನ್ನ ಮಾತು ನಂಬಿ ನಕ್ಕದ್ದಲ್ಲ.

ಮರುದಿನದಿಂದ ಮೊದಲ ಬಸ್ಸಿಗೆ ಹೋಗಿ ಆಕೆಯ ಮುಂದೆ ಕೂತೆ. ಅಕ್ಕ ಮೂರು ಬಟ್ಟಲು ಇಟ್ಟುಕೊಂಡು ಪಾಠ ಶುರು ಮಾಡಿದಳು. ರೂಢಿಯ ಬಲದಿಂದ ಪ್ರತಿಯೊಂದನ್ನೂ ಮೊದಲು ತನ್ನ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಏನೂ ಬಾರದೆ ನನಗೆ ದಾಟಿಸುತ್ತಿದ್ದಳು. "ಇದು ನಿಂಬಿ. ಸಿಪ್ಪಿ ಸುಲಿದಾಗ ಕಣ್ಣಿಗಿ ಸಿಡೀತೈತಲ್ಲ, ಅದನ್ನ ನೆನಸ್ಕೋ. ಇದು ಓಮು, ಬಾಣಂತಿ ಮಲಗೋ ಕ್ವಾಣಿ ವಾಸನಿ. ಇದು ಬೇವು, ಯುಗಾದಿ ಮುಂಜಾನಿ." ದಿನಾ ಇದೇ. ನನಗೆ ಮೂರೂ ಒಂದೇ. ಮೂಗಿನ ತುದಿ ತುರಿಸುತ್ತಿತ್ತು, ಕೈ ಡಬ್ಬಿಯಿಲ್ಲದ ಜೇಬಿಗೆ ಹೋಗಿ ಬರುತ್ತಿತ್ತು. ಮನೆಯಲ್ಲಿ ಎಲ್ಲರ ಮೇಲೂ ಸಿಡುಕಿದೆ. ಮೊದಲ ವಾರ ಗಂಟು ಎತ್ತಲು ತಡಮಾಡಿದೆ. ಒಬ್ಬ ಲಾರಿ ಡ್ರೈವರ್ ಲೋಟ ಕೆಳಗಿಟ್ಟು, "ಅಕ್ಕಾರ, ಯಾರಿಗಿ ಹುಷಾರಿಲ್ಲ? ಕಷಾಯ ಕಾಸೀರಲ್ಲ" ಅಂದ. ಅಕ್ಕ ನನ್ನನ್ನು ತೋರಿಸಿ, "ಇಂವಗ ರೀ" ಅಂದಳು.

ತಿಂಗಳು ಕಳೆದ ಮೇಲೆ ಒಂದು ಮುಂಜಾನೆ ಒದ್ದೆ ಗೋಣಿಚೀಲದ ವಾಸನೆ ಬಂತು. ಅದೇನು ಕಸ್ತೂರಿಯೇ? ಆದರೂ ನನಗೆ ಕಣ್ಣಲ್ಲಿ ನೀರು ಬಂತು. ಎಷ್ಟು ವರ್ಷದಿಂದ ಏನೇನು ಕಳೆದುಕೊಂಡಿದ್ದೆನೋ. ಅದಾದ ಮೇಲೆ ನಿಂಬೆ ಬೇರೆಯಾಯಿತು, ಓಂಕಾಳು ಬೇರೆಯಾಯಿತು. ಗಂಟನ್ನು ಹೊತ್ತಿಗೆ ಸರಿಯಾಗಿ ಎತ್ತಲು ಕಲಿತೆ. ಹಳೆಯ ಗಿರಾಕಿಗಳು ತಿರುಗಿ ಬಂದರು. ಅಂಬಲಿ ಅಕ್ಕನದು, ಬೀಗುತ್ತಿದ್ದವನು ನಾನು. ಅಕ್ಕ ಮಾತ್ರ ಲೋಟ ತುಂಬಿ ಕೊಡುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಮಂದಿ ಚಲೋ ಐತಿ ಅಂತಾರ, ಹೂಂ ಅಂತೀನಿ. ನನಗ ಅದು ಬರೇ ನೀರು ತಮ್ಮಾ" ಎಂದು ಒಮ್ಮೆ ಹೇಳಿದಳು.

ಹೋದ ಬೇಸಿಗೆಯಲ್ಲಿ ನಾನು ಮಾತಿಗೆ ತಪ್ಪಿದೆ. ಬಸ್ಸಿನಲ್ಲಿ ಹಳೆಯ ಡ್ರೈವರ್ ಗೆಳೆಯ ಸಿಕ್ಕಿ ಡಬ್ಬಿ ಚಾಚಿದ. ಒಂದೇ ಚಿಟಿಕೆ, ಯಾರಿಗೆ ಗೊತ್ತಾಗುತ್ತದೆ? ಏರಿಸಿದೆ. ಇಳಿದ ಮೇಲೆ ಮುಖ ತೊಳೆದು, ಟವೆಲಿನಿಂದ ಒರೆಸಿಕೊಂಡು, ಕೊತ್ತಂಬರಿ ಎಸಳು ಜಗಿದು, ಸಾಧುವಿನ ಮುಖ ಮಾಡಿಕೊಂಡು ಪೀಪಾಯಿಯ ಮುಂದೆ ಕೂತೆ. ಅಕ್ಕ ಗೋಣಿಚೀಲಕ್ಕೆ ನೀರು ಚಿಮುಕಿಸುತ್ತ ನನ್ನ ಹಿಂದೆ ಹಾದು ಹೋದವಳು ನಿಂತಳು.

"ಲೇ, ನಶ್ಯ ಏರ್ಸಿ ಬಂದೀಯೇನು?"

"ಇಲ್ಲಕ್ಕಾ, ದೇವರಾಣಿ ಇಲ್ಲ."

ಸುಳ್ಳು ಬಾಯಿಂದ ಸಲೀಸಾಗಿ ಬಂತು. ಅದು ಬಂದ ಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅಕ್ಕನ ಕೈಯಿಂದ ಚೊಂಬು ಜಾರಿತು. ನನ್ನ ಹೆಗಲ ಮೇಲಿನ ಟವೆಲನ್ನು ಎಳೆದು ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ತೆಗೆಯಲೇ ಇಲ್ಲ.

"ಸುಳ್ಳು ಹೇಳ್ತೀಯ. ಏರ್ಸೀಯ."

"ಹೌದಕ್ಕಾ, ಏರ್ಸೀನಿ" ಅಂದೆ. ಜೀವಮಾನದಲ್ಲಿ ಸಿಕ್ಕಿಬಿದ್ದು ಅಷ್ಟು ಸಂತೋಷಪಟ್ಟಿದ್ದು ಅದೊಂದೇ ಸಲ.

ಆಕೆ ಅತ್ತಳು, ನಾನೂ ಅತ್ತೆ. ಗಂಟನ್ನು ಇಬ್ಬರೂ ಮರೆತೆವು. ನೆನಪಾದದ್ದು ಆಕೆಗೇ. ಮುಚ್ಚಳ ಸರಿಸಿ, ಬಗ್ಗಿ, ಮೂಗು ಅರಳಿಸಿ, "ಹಾಳಾತು, ಕಹಿ ಆಗೇತಿ" ಅಂದಳು. ಒಂದು ಹನಿಯನ್ನೂ ನಾಲಿಗೆಗೆ ಹಚ್ಚಿರಲಿಲ್ಲ.

ಈ ಡಬ್ಬಿಗೆ ಹೂವು, ಸಿಪ್ಪೆ ತುಂಬಿ ಕೊಟ್ಟದ್ದು ಆಮೇಲೆ, ಅಕ್ಕನೇ. ಕೈ ಜೇಬಿಗೆ ಹೋದರೆ ಏನಾದರೂ ಸಿಗಲಿ ಅಂತ. ಪಕ್ಕದ ಹಿರಿಯರಿಗೆ ಇಷ್ಟೆಲ್ಲ ಹೇಗೆ ಹೇಳಲಿ? ಆದರೆ ಬಸ್ಸು ಊರು ಸೇರುವಾಗ ಅವರೇ ಮೆಲ್ಲಗೆ ತಿರುಗಿ, "ಏನ್ರಿ ಅದು, ಘಮ ಅಂತೈತಿ" ಅಂದರು. "ಇಳೀರಿ, ಕುಡಿಸ್ತೀನಿ" ಎಂದು ಕರೆದುಕೊಂಡು ಬಂದೆ. ಅಕ್ಕ ಅವರಿಗೆ ಕಲ್ಲುಬೆಂಚು ತೋರಿಸಿದಳು. ಈಗ ಆಕೆಗೆ ನನ್ನ ಮೂಗು ಬೇಕಿಲ್ಲ, ಮೊದಲ ಬಸ್ಸಿಗೆ ನಾನು ಬರಬೇಕಾದ್ದೂ ಇಲ್ಲ. ಆದರೂ ಬರುತ್ತೇನೆ. ಆಕೆಯೂ ನಾನು ಬರುವ ತನಕ ಗಂಟು ಇಳಿಬಿಡುವುದಿಲ್ಲ. ಇವತ್ತೂ ಮುಚ್ಚಳಕ್ಕೆ ಕೈ ಹಾಕುವ ಮೊದಲು ಹತ್ತಿರ ಬಂದು ನನ್ನ ಟವೆಲಿನ ತುದಿ ಹಿಡಿದು ಮೂಸಿದಳು. ಆಮೇಲೆ ಪೀಪಾಯಿ ತೆರೆದಳು.